ಕಣ್ಣಿರುವ ಹೋಳು

ಸಾಲಗಾಮೆ ರಸ್ತೆಯ ಎರಡನೇ ಮಹಡಿ, ಕತ್ತಲೆಕೋಣೆ.
ಚಿಲಕಕ್ಕೆ ನಾನೇ ಬರೆದು ಸಿಕ್ಕಿಸಿದ ಚೀಟಿ:
ಲೈಟ್ ಹಾಕಬೇಡಿ, ಒಳಗೆ ಸ್ಲೈಡ್ ಇದೆ.
ನೋಡಿದಷ್ಟೂ ಮಾಸುವ ಬಣ್ಣ ಇದು.
ಹೆಚ್ಚು ಹೊತ್ತು ನೋಡುವಂತಿಲ್ಲ,
ನೋಡದೆ ಇರುವಂತೆಯೂ ಇಲ್ಲ.

ಗಾಜಿನ ಮೇಲೆ ಹನ್ನೊಂದು ಹೆಂಗಸರ ರಕ್ತ.
ಹೆಸರಿಲ್ಲ, ಬರೀ ನಂಬರು;
ಎಣಿಸುವವಳಿಗೆ ತಿಳಿಯಬಾರದೆಂದು ಇಮ್ತಿಯಾಜ್ ಅಂಟಿಸಿದ್ದು.
ಆದರೂ ಏಳನೆಯದು ಜವರಮ್ಮನದು, ನನಗೆ ಗೊತ್ತು.
ಸೂಜಿ ಕಂಡು ತೋಳು ಎಳಕೊಂಡಳು,
ಟ್ಯೂಬು ಅರ್ಧವೇ ತುಂಬಿತು.

ಮೇ ತಿಂಗಳು. ಜಲಂಧರದ ಲಾರಿ ಬಂದು ನಿಂತರೆ
ಮಾರುಕಟ್ಟೆ ಹಿಂದಿನ ಶೆಡ್ಡಿನಲ್ಲಿ
ಬಿತ್ತನೆ ಆಲೂಗೆಡ್ಡೆ ಹೆಚ್ಚುವ ಕೆಲಸ.
ಹೆಚ್ಚಿ, ಪುಡಿ ಕದಡಿದ ಡ್ರಮ್ಮಿನಲ್ಲಿ ಅದ್ದಿ,
ಗೋಣಿಯ ಮೇಲೆ ಹರವಿ,
ಅದೇ ಕೈಯಲ್ಲಿ ಎಲೆಯಡಿಕೆ.
ಮೊಣಕೈವರೆಗೆ ಬಿಳಿ ಬಳಿದುಕೊಂಡು ನಗುತ್ತಿದ್ದರು:
‘ನಮಗೂ ಹುಳ ಹಿಡಿಯಲ್ಲ ಬಿಡವ್ವ ಇನ್ನು.’

ಎಪ್ಪತ್ತೆರಡು ಗಂಟೆ ಅವರ ಜೀವಕೋಶಗಳನ್ನು ಸಾಕಿದೆ.
ಒಂದು ಎರಡಾಗುವ ಹೊತ್ತಿಗೆ ಸರಿಯಾಗಿ ತಡೆದೆ:
ಒಂದೇ ಮನೆಯಲ್ಲಿ ಎರಡು ಒಲೆ, ಗೋಡೆ ಎದ್ದಿಲ್ಲ.
ಪಕ್ಕದಲ್ಲಿ ಅಲ್ಲೊಂದು ಇಲ್ಲೊಂದು ಪುಟ್ಟ ಚೂರು,
ಯಾವ ಒಲೆಗೂ ಸೇರದ ಕೆಂಡ.

ಈ ಚೂರು ಯಾವುದು?
ವರ್ಣತಂತು ಮುರಿದು ಬಿದ್ದ ತುಂಡೊ,
ಕದಿರಿನ ಎಳೆ ಕೈಬಿಟ್ಟು
ಇಡಿಯಾಗಿಯೇ ದಾರಿ ತಪ್ಪಿದ್ದೊ?
ಬರಿಗಣ್ಣಿಗೆ ಇರಲಿ, ಮಾಮೂಲಿ ಬಣ್ಣಕ್ಕೂ
ಎರಡೂ ಒಂದೇ ನೀಲಿ ಚುಕ್ಕೆ.

ಅದಕ್ಕೇ ಈ ಪ್ರತಿಕಾಯ.
ಎಲ್ಲಿಯದೋ ಊರಿನ ಯಾರೋ ರೋಗಿಯ ರಕ್ತದ್ದು.
ಚರ್ಮ ಗಟ್ಟಿಯಾಗಿ, ಬೆರಳು ಬಿಳಿಚಿ ಸೆಟೆದು,
ತನ್ನದೇ ತಂತುವಿನ ನಡುವನ್ನು
ಹಗೆಯೆಂದು ಹುಡುಕಿ ಹುಡುಕಿ ಹಿಡಿದ ಮೈ.
ಅದರ ತಪ್ಪೇ ನಮಗೆ ಇಲ್ಲಿ ದೀಪ.
ಐಸಿನ ಪೆಟ್ಟಿಗೆಯಲ್ಲಿ ಹನಿಯಷ್ಟು ಬಂದಿದೆ.
ಒಂದು ಸಲಕ್ಕೆ ಎಷ್ಟು ದುಡ್ಡೆಂದು ಲೆಕ್ಕ ಹಾಕುತ್ತೇವೆ.
ಅವಳೋ ಅವನೋ, ಇದ್ದಾರೋ ಇಲ್ಲವೋ,
ಸೀಸೆಯ ಮೇಲೆ ಬರೆದಿಲ್ಲ.

ತಂತುವಿಗೆ ನಡು ಇದ್ದರೆ ಅದು ಹೋಗಿ ಕೂರುತ್ತದೆ,
ಹಸಿರಾಗಿ ಮಿನುಗುತ್ತದೆ.
ಮುರುಕಾದರೆ ಕೂರಲು ಜಾಗವೇ ಇಲ್ಲ.

ರಿಸಲ್ಟ್ ಬರಲಿ ಎನ್ನುವಷ್ಟು ತಾಳ್ಮೆ ಜವರಮ್ಮನಿಗಿಲ್ಲ.
ಶನಿವಾರ ಬಂದಳು, ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು.
ಕತ್ತಲಲ್ಲಿ ಸ್ಟೂಲು ತಡಕಿ ಕೂತು
ಒಂದೇ ಕಣ್ಣು ಮುಚ್ಚಲು ಬಾರದೆ
ಎರಡನ್ನೂ ಮುಚ್ಚಿ, ‘ಏನೂ ಕಾಣಲ್ಲ’ ಅಂದಳು.
ಅಂಗೈಯಿಂದ ಅವಳ ಎಡಗಣ್ಣು ಮುಚ್ಚಿ ಹಿಡಿದೆ.
ಪುಡಿಯ ವಾಸನೆ ಸೆರಗಿನಲ್ಲಿ ಇನ್ನೂ ಇತ್ತು.

ಎರಡು ನೀಲಿ ಗುಂಡು, ಪಕ್ಕದಲ್ಲೊಂದು ಚೂರು,
ಚೂರಿನೊಳಗೆ ಸಾಸಿವೆಗಿಂತ ಸಣ್ಣ ಹಸಿರು.
ನಾನು ಕದಿರು, ಎಳೆ ಎಂದೆಲ್ಲ ತೊದಲುವಾಗ
ಅವಳು ಅಂದಳು:
‘ಇದಕ್ಕೆ ಕಣ್ಣದೆ.’

‘ಕಣ್ಣಿಲ್ಲದ ಹೋಳು ಹೆಚ್ಚಿದವರ ತಪ್ಪು.
ಕಣ್ಣಿದ್ದೂ ಸಾಲು ಸೇರಲಿಲ್ಲ ಅಂದರೆ
ಒಯ್ಯೋರು ನಡುದಾರೀಲಿ ಕೆಡವಿದಾರೆ.
ಅಷ್ಟೇ ತಾನೆ?’

ಅಷ್ಟೇ.
ನೋಟ್‌ಬುಕ್ಕಿನಲ್ಲಿ ನಾನು ನಾಲ್ಕು ಪುಟ ಬರೆದಿದ್ದೆ.

ಡ್ರಮ್ಮಿನ ನೀರು ತಾಗಿಸಿ ಬೇರೆಯಾಗಿ ಬೆಳೆಸಿದ ಕೋಶಗಳಲ್ಲೂ
ಕಣ್ಣಿರುವ ಚೂರುಗಳೇ ಹೆಚ್ಚು.
ಮುರಿಯುವ ವಿಷವಲ್ಲ, ಕೈಬಿಡಿಸುವ ವಿಷ.
ವರದಿ ಬರೆದೆವು. ಶೆಡ್ಡಿನ ಸಾಹುಕಾರ ಓದಲಿಲ್ಲ,
ಕೈಗವಸು ಮಾತ್ರ ತರಿಸಿದ:
ಹನ್ನೊಂದು ಜನಕ್ಕೆ ಆರು ಜೊತೆ.

ಮುಂದಿನ ವಾರ ಹೋಗಿ ನೋಡಿದೆ.
ಜವರಮ್ಮ ಹಾಕಿಕೊಂಡಿದ್ದಳು,
ಹೆಬ್ಬೆರಳು, ತೋರುಬೆರಳಿನ ತುದಿ
ಈಳಿಗೆಗೆ ಕೊಟ್ಟು ಕತ್ತರಿಸಿ.
ಹೊರಗಿಣುಕಿದ ಎರಡು ಬೆರಳು ಬೆಳ್ಳಗೆ, ಒದ್ದೆ.

ಏನೆಂದು ಕೇಳಿದೆ.
ತಲೆ ಎತ್ತದೆ ಗೆಡ್ಡೆ ತಿರುಗಿಸುತ್ತ ಅಂದಳು:
‘ರಬ್ಬರಿಗೆ ಕಣ್ಣು ಸಿಗಲ್ಲ ಕಣವ್ವ.
ಮುಟ್ಟಿ ನೋಡಬೇಕು.’